ಬಸ್ಸಿನ ವಾಂತಿಗೆ ಕೊಡುವ ಮದ್ದು

ನೊಹೆಮಿ ಅಪ್ಪನ ಹೆಣದ ತಲೆಗೆ ಉಣ್ಣೆಯ ಟೋಪಿಯನ್ನು ಕಿವಿ ಮುಚ್ಚುವವರೆಗೆ ಎಳೆದಳು. ಹೊಲಿಗೆಯ ತುದಿ ಇನ್ನೂ ಕಾಣುತ್ತಿತ್ತು. ಇನ್ನೊಮ್ಮೆ ಎಳೆದಳು.

"ಸಾಕು ಬಿಡೇ, ಬಿಚ್ಕೊಂಡೀತು," ಎಂದಳು ಸೋದರತ್ತೆ ಬರ್ನಾರ್ದಾ. "ನನ್ನ ತಮ್ಮನ ತಲೆ ಟೊಳ್ಳು ಮಾಡಿ ಕಳಿಸಿದ್ದಾರೆ."

"ಅಪ್ಪನೇ ಒಪ್ಪಿದ್ದು ಅತ್ತೆ. ಸತ್ತಮೇಲೆ ಮಿದುಳು ಡಾಕ್ಟರಿಗೆ ಅಂತ ಹೆಬ್ಬೆಟ್ಟು ಒತ್ತಿದ್ದ."

"ಬುದ್ಧಿ ಇದ್ದಾಗ ಒತ್ತಿದ್ನೋ, ಇಲ್ದಾಗ ಒತ್ತಿದ್ನೋ!"

ಮೆದೆಯಿನ್ ನಗರದಿಂದ ಹೆಣ ತಂದ ವ್ಯಾನು ಹೊರಗೆ ನಿಂತಿತ್ತು. ಜೊತೆಗೆ ಬಂದ ನರ್ಸ್ ಆಂಪಾರೊ ಸಂಜೆಯವರೆಗೂ ಕಾಯುವುದಾಗಿ ಹೇಳಿದ್ದಳು. ನಾಳೆ ಅಲ್ಲಿನ ಆಸ್ಪತ್ರೆಯಲ್ಲಿ ನೊಹೆಮಿಗೆ ಮರೆವಿನ ಪರೀಕ್ಷೆ. ಹೋಗುವುದಾದರೆ ಇದೇ ವ್ಯಾನಿನಲ್ಲಿ ಹೋಗಬೇಕು. ಆ ಮನೆತನದಲ್ಲಿ ಅರ್ಧ ಮಂದಿಗೆ ಐವತ್ತು ತುಂಬುವ ಮೊದಲೇ ಮರೆವು ಹಿಡಿಯುತ್ತಿತ್ತು. ನೊಹೆಮಿಗೆ ಮೂವತ್ತೆಂಟು.

*

ಹನ್ನೆರಡು ವರ್ಷಗಳ ಹಿಂದೆ ಅದೇ ಆಸ್ಪತ್ರೆಯಲ್ಲಿ ಇದೇ ಆಂಪಾರೊ ನೊಹೆಮಿಯ ಅಪ್ಪ ಎವೇಲಿಯೊನ ತೋಳಿಗೆ ಸೂಜಿ ಚುಚ್ಚಿದ್ದಳು. ಮಗಳು ಪಕ್ಕದಲ್ಲೇ ಕೂತಿದ್ದಳು.

"ಹೊಸ ಮದ್ದೇನಲ್ಲ. ಬಸ್ಸಲ್ಲಿ ವಾಂತಿ ಮಾಡ್ಕೊಳ್ಳೋರಿಗೆ ಕೊಡೋದೇ. ತಲೆ ಗಟ್ಟಿಯಿದ್ರೆ ಏನೂ ಆಗಲ್ಲ. ಒಳಗೊಳಗೇ ಮರೆವು ಶುರುವಾಗಿದ್ರೆ ಸ್ವಲ್ಪ ಹೊತ್ತು ಮುಗ್ಗರಿಸ್ತೀರಿ, ಆಮೇಲೆ ಇಳಿದುಹೋಗುತ್ತೆ."

"ಯಾವುದರಿಂದ ಮಾಡ್ತಾರೆ ನರ್ಸಮ್ಮ?"

"ನಿಮ್ಮೂರ ಬೇಲೀಲಿ ಗಂಟೆ ಹಾಗೆ ಹೂ ಜೋತುಬೀಳೋ ಮರ ಇದೆಯಲ್ಲ, ಅದೇ ಜಾತಿ."

ಎವೇಲಿಯೊ ಬಿದ್ದುಬಿದ್ದು ನಕ್ಕ. ಆ ಮರದ ನೆರಳಿಗೆ ಮಲಗಿದವರಿಗೇ ಮರೆವು ಬರುತ್ತದೆಂದು ಊರೆಲ್ಲ ನಂಬಿತ್ತು. "ಅದರ ಕೆಳಗೆ ಕೂತಿದ್ದಕ್ಕೆ ನಮ್ಮವ್ವ ಬೆನ್ನು ಮುರಿಯೋ ಹಾಗೆ ಬಾರಿಸಿದ್ಲು. ನೀವು ಸೂಜೀಲೇ ಕೊಡ್ತೀರಿ! ಕೊಡಿ, ಕೊಡಿ."

ಹತ್ತು ಪದ ಹೇಳಿಕೊಟ್ಟರು. ಎರಡು ಗಂಟೆ ಬಿಟ್ಟು ಕೇಳಿದರೆ ಅವನ ಬಾಯಿಗೆ ಎರಡು ಬಂದವು. ಅದೇ ಸೂಜಿ ಹಾಕಿಸಿಕೊಂಡ ಪಕ್ಕದ ಹೆಂಗಸು ಎಂಟು ಹೇಳಿದಳು.

ಅದೇ ವಾರ ಅವನು ಹಾಲಿನ ಕ್ಯಾನು ಹೊರುವ ಹೇಸರಗತ್ತೆಗಳನ್ನು ಮಾರಿಬಿಟ್ಟ. ದಾರಿ ತಪ್ಪಿ ಅವನ್ನು ಕಣಿವೆಗೆ ಕೆಡವಿಯೇನು ಎಂಬ ಭಯ. ಮರೆವು ನಿಜವಾಗಿ ಕಾಣಿಸಿಕೊಳ್ಳಲು ಇನ್ನೂ ನಾಲ್ಕು ವರ್ಷ ಹಿಡಿಯಿತು. ಆ ನಾಲ್ಕು ವರ್ಷವೂ ಅವನು ಅಂಗಳದಲ್ಲಿ ಕೂತು ತನ್ನನ್ನೇ ತಾನು ಕಾವಲು ಕಾದ.

*

ಮಣ್ಣುಮಾಡಿ ಬಂದವರು ಅಂಗಳದಲ್ಲಿ ಕೂತರು.

"ಆ ಸೂಜಿಯಿಂದಲೇ ಹಿಡೀತು ಅವನಿಗೆ," ಎಂದಳು ಬರ್ನಾರ್ದಾ. "ಹೋಗುವಾಗ ನೆಟ್ಟಗಿದ್ದ."

"ಸೂಜಿ ರೋಗ ಹಿಡಿಸಲ್ಲಮ್ಮ, ಇರೋದನ್ನ ತೋರಿಸುತ್ತೆ," ಎಂದಳು ಆಂಪಾರೊ.

"ತೋರಿಸಿ? ವಾಸಿ ಮಾಡ್ತೀರಾ?"

ಆಂಪಾರೊ ತಲೆ ತಗ್ಗಿಸಿದಳು. "ಇನ್ನೂ ಇಲ್ಲ. ಬೇಗ ಗೊತ್ತಾದೋರು ಸಿಕ್ಕಿದ್ರೆ ತಾನೇ ಅದಕ್ಕೂ ಮದ್ದು ಹುಡುಕೋದು."

"ಹಾಗಾದ್ರೆ ಬೇರೆಯವರ ಮಕ್ಕಳನ್ನ ಹುಡುಕಿ. ನಮ್ಮ ಹುಡುಗಿ ಇರೋವಷ್ಟು ದಿನ ನಗ್ತಾ ಇರಲಿ."

ನೊಹೆಮಿ ಸೆರಗಿನಂತೆ ಹೊದ್ದಿದ್ದ ಕಪ್ಪು ಶಾಲನ್ನು ಬಿಗಿಮಾಡಿಕೊಂಡಳು. "ನಾನು ಬರಲ್ಲ ನರ್ಸಮ್ಮ. ಅಪ್ಪ ಕೂತ ಹಾಗೆ ಕೂರೋದು ನನ್ನಿಂದಾಗಲ್ಲ," ಎಂದು ಕಾಫಿ ತರಲು ಮತ್ತೆ ಒಳಗೆ ಹೋದಳು. ಆಂಪಾರೊ ಎದ್ದು ವ್ಯಾನಿನ ಕಡೆ ನಡೆದಳು.

ಬರ್ನಾರ್ದಾ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು, ತಮ್ಮನ ಹಳೆಯ ಜೊತೆಗಾರ ಹಿಲ್ದಾರ್ದೊನ ಪಕ್ಕ ಬೆಂಚಿನ ಮೇಲೆ ಕೂತಳು.

"ಹೇಸರಗತ್ತೆಗೆ ಎವೇಲಿಯೊ ಬೈಯೋದು ಕೇಳಿ ಪಾದ್ರಿಗಳೇ ಕಿವಿ ಮುಚ್ಕೋತಿದ್ರು ಅಕ್ಕ," ಎಂದ ಹಿಲ್ದಾರ್ದೊ. ಅವನ ಮಗ್ಗುಲಲ್ಲಿ ಮೂರು ಲೋಟ ಕಾಫಿ ಆರಿ, ಕೆನೆ ಕಟ್ಟಿ ಕೂತಿದ್ದವು.

"ಯಾಕೋ, ಒಂದನ್ನೂ ಕುಡಿದಿಲ್ಲ?"

"ಮೊದಲನೇದು ಕುಡಿದು ಲೋಟ ವಾಪಸ್ ಕೊಟ್ಟೆ." ಅವನು ದನಿ ತಗ್ಗಿಸಿದ. "ಆಮೇಲೆ ನೊಹೆಮಿ ಮತ್ತೆ ತಂದ್ಲು. ಮತ್ತೆ ತಂದ್ಲು. ಮತ್ತೆ ತಂದ್ಲು. ಪ್ರತಿ ಸಲವೂ, ನಿಮಗಿನ್ನೂ ಕೊಟ್ಟಿಲ್ಲ ಅಲ್ವಾ ಅಂತಾಳೆ. ಸಾವಿನ ಮನೇಲಿ ಬೇಡ ಅನ್ನೋದು ಹೇಗೆ ಅಕ್ಕ?"

ರಸ್ತೆಯಲ್ಲಿ ವ್ಯಾನು ಹೊರಡುವ ಸದ್ದಾಯಿತು. ಅಡುಗೆಮನೆಯ ಬಾಗಿಲಲ್ಲಿ ನೊಹೆಮಿ ಹಬೆಯಾಡುವ ಲೋಟ ಹಿಡಿದು, ಹಿಲ್ದಾರ್ದೊನನ್ನು ನೋಡಿ ಮುಗುಳ್ನಗುತ್ತ ಬರುತ್ತಿದ್ದಳು.

ಬರ್ನಾರ್ದಾ ಎದ್ದು ನಿಂತು ಒಂದು ಕೈಯನ್ನು ಮೇಲೆತ್ತಿ ವ್ಯಾನು ನಿಲ್ಲುವಂತೆ ಬೀಸಿದಳು. ಇನ್ನೊಂದು ಕೈಯಿಂದ ತಣ್ಣಗಾದ ಲೋಟಗಳನ್ನು ಒಂದಾದಮೇಲೊಂದು ಎತ್ತಿ, ಹುಡುಗಿ ಹತ್ತಿರ ಬಂದು ನೋಡುವಷ್ಟರಲ್ಲಿ ಖಾಲಿಯಾಗಬೇಕೆಂದು, ಉಸಿರು ಬಿಡದೆ ಗಟಗಟ ಕುಡಿಯತೊಡಗಿದಳು.