ಹದ್ದಿನ ಜೊತೆ ಮಾತು

ಹೆಲ್ಮೆಟ್ಟಿನ ಏಟು ಬಿದ್ದದ್ದು ಹದ್ದಿನ ಬಲ ರೆಕ್ಕೆಯ ಬುಡಕ್ಕೆ. ಕಾಂಪೌಂಡರು ಮೇಜಿನ ಮೇಲೆ ಟವೆಲ್ ಬಿಡಿಸಿ, ಪುಕ್ಕದೊಳಗೆ ಎರಡು ಬೆರಳು ತೂರಿಸಿ, ಮೂಳೆಯನ್ನು ಹುಡುಕುತ್ತ ಹೋದರು. ಕೀಲಿನ ಹತ್ತಿರ ಬೆರಳು ನಿಂತಿತು. ಅಲ್ಲಿ ಮೂಳೆಯ ಪುಡಿ ಬಿಟ್ಟರೆ ಬೇರೇನೂ ಕೈಗೆ ಸಿಗಲಿಲ್ಲ. ಇದು ಇನ್ನು ಕೂಡುವುದಿಲ್ಲ; ನಾಳೆ ಡಾಕ್ಟರು ನೋಡಿದರೂ ಬೇರೆ ಮಾತು ಹೇಳಲಾರರು.

"ಏನಾಯ್ತು ಹೇಳು," ಎಂದರು.

ಹದ್ದನ್ನು ಎತ್ತಿಕೊಂಡು ಬಂದವನು ಆಟೋ ಓಡಿಸುವವನು. ಎಲ್ಲಿ ಯಾವ ಪ್ರಾಣಿಗೆ ಗಾಯವಾಗಿದೆಯೆಂದು ಫೋನು ಬಂದರೂ ಗೋಣಿಚೀಲ ಹಿಡಿದು ಓಡುತ್ತಿದ್ದುದರಿಂದ ಎಲ್ಲರೂ ಅವನನ್ನು ಗೋಣಿ ಎಂದೇ ಕರೆಯುತ್ತಿದ್ದರು.

"ಬೆಳಿಗ್ಗೆ ನೀವು ತಾರಸಿ ಮೇಲಿಂದ ಬಿಟ್ರಲ್ಲ ಸಾರ್, ಮಹಾರಾಜನ ಹಾಗೆ ಎರಡು ಸುತ್ತು ಹಾಕ್ತು. ಆಮೇಲೆ ನೆಟ್ಟಗೆ ಬಸ್ ಸ್ಟ್ಯಾಂಡಿಗೆ ಇಳೀತು. ಬೆಂಚಿನ ಮೇಲೆ ಒಬ್ಬಮ್ಮ ಮಗೂಗೆ ಏನೋ ತಿನ್ನಿಸ್ತಾ ಇದ್ರು. ಹೋಗಿ ಪಕ್ಕದಲ್ಲೇ ಕೂತು ಬಾಯಿ ತೆಗೀತು. ಕಿತ್ಕೊಳ್ಳಲಿಲ್ಲ ಸಾರ್, ಕೇಳ್ತು. ಆಯಮ್ಮ ಕಿರುಚಿದ್ರು. ಅಲ್ಲೇ ಇದ್ದೋನು ಹೆಲ್ಮೆಟ್ ಬೀಸಿದ."

ಪಶು ಆಸ್ಪತ್ರೆಯ ಹಿಂದೆ ಗಾಯಗೊಂಡ ಹಕ್ಕಿಗಳನ್ನು ಸಾಕುವ ಈ ಶೆಡ್ಡನ್ನು ಕಾಂಪೌಂಡರು ನಿವೃತ್ತರಾದ ಮೇಲೆ ತಾವಾಗಿಯೇ ಹೊತ್ತುಕೊಂಡಿದ್ದರು. ಇಲ್ಲಿ ಒಂದೇ ಕಟ್ಟುನಿಟ್ಟಿನ ನಿಯಮ. ಮರಿಗೆ ಉಣಿಸುವವರು ತಲೆಯಿಂದ ಸೊಂಟದವರೆಗೆ ಬೂದು ಬಟ್ಟೆಯ ಮುಸುಕು ಹಾಕಿಕೊಂಡು, ಉದ್ದನೆಯ ಚಿಮುಟದಲ್ಲಿ ಮಾಂಸದ ಚೂರು ಕೊಡಬೇಕು, ತುಟಿ ಬಿಚ್ಚಬಾರದು. ಮನುಷ್ಯನ ಮುಖ ಕಂಡರೆ, ದನಿ ಕೇಳಿದರೆ ಹೊಟ್ಟೆ ತುಂಬುತ್ತದೆಂದು ಕಲಿತ ಹಕ್ಕಿ ಹೊರಗೆ ಬದುಕುವುದಿಲ್ಲ. ನೀರಿನ ಟ್ಯಾಂಕಿನ ಮೇಲಿನ ಗೂಡಿನಿಂದ ಬಿದ್ದಿದ್ದ ಈ ಮರಿಯನ್ನೂ ಎರಡೂವರೆ ತಿಂಗಳು ಹಾಗೆಯೇ ಸಾಕಿದ್ದರು. ಹಾಗೆಂದು ಅವರು ತಿಳಿದಿದ್ದರು.

ಅಷ್ಟು ನೋವಿನಲ್ಲೂ ಹದ್ದು ಅವರ ಮುಖ ನೋಡಿ ಕೊಕ್ಕು ತೆರೆಯಿತು.

"ಯಾರು ಮಾತಾಡಿದ್ದು ಇದರ ಹತ್ರ?"

"ನನ್ನ ಕಡೆ ನೋಡ್ಬೇಡಿ ಸಾರ್. ನಾನು ಹೆಂಡತಿ ಹತ್ರಾನೇ ಬಾಯಿ ಬಿಡಲ್ಲ."

"ಹಲ್ಲು ಕಿರೀಬೇಡ!"

ಮೂಲೆಯಲ್ಲಿ ಮಾಂಸ ಹೆಚ್ಚುತ್ತಿದ್ದ, ಕಾಂಪೌಂಡರ ತಮ್ಮನ ಹೆಂಡತಿ ಚಾಕು ಕೆಳಗಿಟ್ಟಳು. ಅವಳು ಶಾಲೆಯ ಟೀಚರು. ಅಣ್ಣತಮ್ಮಂದಿರದು ಒಂದೇ ಮನೆ. ಹೋದ ವರ್ಷ ಅವಳ ಒಬ್ಬಳೇ ಮಗಳು, ಹನ್ನೊಂದು ವರ್ಷದವಳು, ನಾಲ್ಕು ದಿನದ ಜ್ವರಕ್ಕೆ ತೀರಿಕೊಂಡಿದ್ದಳು. ಮನಸ್ಸು ಬೇರೆ ಕಡೆ ತಿರುಗಲಿ ಎಂದು ಕಾಂಪೌಂಡರೇ ಅವಳನ್ನು ಇಲ್ಲಿಗೆ ಕರೆತಂದು, ಸಂಜೆ ಹೊತ್ತು ಮರಿಗೆ ಉಣಿಸುವ ಕೆಲಸ ಕೊಟ್ಟಿದ್ದರು.

"ನಾನು," ಎಂದಳು. "ದಿನಾ ಮಾತಾಡ್ತಾನೇ ಉಣಿಸಿದೀನಿ. ಮುಸುಕೂ ತೆಗೀತಿದ್ದೆ."

"ಗೊತ್ತಿದ್ದೂ ಗೊತ್ತಿದ್ದೂ ಮಾಡಿದ್ಯಾ? ಗೋಡೆ ಮೇಲೆ ಇಷ್ಟು ದಪ್ಪ ಬರೆದು ಹಾಕಿದೀನಿ. ಊರ ಮಕ್ಕಳಿಗೆ ಅಕ್ಷರ ಕಲಿಸೋಳಿಗೆ ಓದೋಕೆ ಬರಲ್ವಾ? ಕಲ್ಲು ಹೊಡೆಯೋ ಪೋಕರಿಗಳೇ ವಾಸಿ. ಅವರು ಹಕ್ಕೀನ ಹತ್ರ ಕರೆದು ಹೊಡೆಯಲ್ಲ. ಇನ್ನು ಇದು ಹಾರಲ್ಲ, ತಿಳೀತಾ? ಸಾಯೋವರೆಗೂ ಪಂಜರ. ನಡಿ, ಮನೆಗೆ ಹೋಗು. ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ!"

"ಯಾವ ಮನೆಗೆ ಭಾವ?" ಅವಳು ಕೈ ಒರೆಸಿಕೊಳ್ಳದೆಯೇ ಮುಂದೆ ಬಂದಳು. "ಮಗಳ ಫೋಟೋ ಗೋಡೆಯಿಂದ ತೆಗೆಸಿ ಹಾಕಿದ್ದು ನೀವು. ಅವಳ ಹೆಸರು ಎತ್ತಬೇಡಿ, ತಾಯಿಗೆ ನೆನಪಾಗತ್ತೆ ಅಂತ ಎಲ್ಲರ ಬಾಯಿ ಕಟ್ಟಿದ್ದು ನೀವು. ನಿಮ್ಮ ತಮ್ಮ ನೀವು ಹಾಕಿದ ಗೆರೆ ದಾಟಲ್ಲ. ನಾನು ಅಡುಗೆಮನೆಗೆ ಕಾಲಿಟ್ರೆ ಅಕ್ಕ ಮಾತು ನಿಲ್ಲಿಸ್ತಾರೆ. ನೆನಪಾಗತ್ತಂತೆ! ಮರೆತಿದ್ರೆ ತಾನೇ? ದೇವರ ಮುಂದೆ ಹೋಗಿ ಅಳೋಣ ಅಂದ್ರೆ ಅಲ್ಲೂ ನೀವು ಕಣ್ಣು ಮುಚ್ಕೊಂಡು ಕೂತಿರ್ತೀರಿ."

"ಅದಕ್ಕೆ ಈ ಮೂಕಪ್ರಾಣಿ ಬೇಕಾಯ್ತಾ ನಿಂಗೆ?"

"ತಪ್ಪು. ನನ್ನದೇ ತಪ್ಪು. ಅಲ್ಲ ಅಂದ್ನಾ? ಅವಳ ವಿಷಯ ಹೇಳಿದ್ರೆ ಇದೊಂದು ಮುಖ ತಿರುಗಿಸ್ತಿರಲಿಲ್ಲ." ಅವಳು ಚೀಲ ಹೆಗಲಿಗೆ ಹಾಕಿಕೊಂಡಳು. "ಬೈಯೋಕಾದ್ರೂ ವರ್ಷ ಕಳೆದ ಮೇಲೆ ನನ್ನ ಜೊತೆ ಮನಸಾರೆ ಬಾಯಿ ಬಿಟ್ರಲ್ಲ ಭಾವ, ದೊಡ್ಡ ಉಪಕಾರ."

ಬಾಗಿಲು ಗೋಡೆಗೆ ಬಡಿಯಿತು. ಗೋಣಿ ಇಬ್ಬರಲ್ಲಿ ಯಾರ ಕಡೆಯೂ ನೋಡದೆ, "ಟೀಚರಮ್ಮನ್ನ ಬಿಟ್ಟು ಬರ್ತೀನಿ," ಎಂದು ಹಿಂದೆಯೇ ಓಡಿದ.

ಕಾಂಪೌಂಡರು ಮುರಿದ ರೆಕ್ಕೆಯನ್ನು ಮೈಗೆ ಸೇರಿಸಿ ಬ್ಯಾಂಡೇಜು ಸುತ್ತಿದರು. ಸಿಟ್ಟಿನಲ್ಲಿ ಬಿಗಿ ಹೆಚ್ಚಾಗಿ ಎರಡು ಸಲ ಬಿಚ್ಚಿ ಸುತ್ತಬೇಕಾಯಿತು. ಶೆಡ್ಡಿನ ಕೊನೆಯಲ್ಲಿ ದೊಡ್ಡದೊಂದು ಪಂಜರವಿತ್ತು. ಹೊರಗೆ ಹೋಗಲಾರದವು ಅಲ್ಲಿರುತ್ತಿದ್ದವು. ಹದ್ದನ್ನು ಅಲ್ಲಿ ತಗ್ಗಿನ ಕೊಂಬೆಯ ಮೇಲೆ ಕೂರಿಸಿದರು. ಅವಳು ಹೆಚ್ಚಿಟ್ಟಿದ್ದ ಮಾಂಸದಿಂದ ಒಂದು ಚೂರು ತೆಗೆದು ಬರಿಗೈಯಲ್ಲೇ ಹಿಡಿದರು.

ಹದ್ದು ಮಾಂಸವನ್ನು ಮುಟ್ಟಲಿಲ್ಲ. ಕತ್ತು ವಾರೆ ಮಾಡಿ ಅವರ ಬಾಯಿಯನ್ನೇ ನೋಡುತ್ತ ಕೂತಿತ್ತು.