ಇನ್ನೊಬ್ಬರ ಒಪ್ಪಿಗೆ

"ಈ ಹೆಸರು ಇನ್ನೂ ಸ್ವಲ್ಪ ಸ್ಪಷ್ಟವಾಗಿದ್ದರೆ ಚೆನ್ನಾಗಿತ್ತು. ದಯವಿಟ್ಟು ಬದಲಿಸಲಾದೀತೇ?" ಎಂದು ಸಿದ್ಧಾರೂಢ ಇಂಗ್ಲಿಷಿನಲ್ಲಿ ಬರೆದು ಕಳಿಸಿದ. ಸ್ವಲ್ಪ ಹೊತ್ತಿಗೆ ಗೋಡೆಯ ಆಚೆ ಕುರ್ಚಿ ಜೋರಾಗಿ ಹಿಂದಕ್ಕೆ ಸರಿದ ಸಪ್ಪಳ ಕೇಳಿಸಿತು.

"ಮತ್ತೇನಂತ್ರಿ?" ತಮ್ಮನ ಹೆಂಡತಿ ಶೈಲಾ ಕೇಳಿದಳು.

"ಹೆಸರ ಬರೋಬ್ಬರಿ ಇಲ್ಲಂತ. ಬ್ಯಾರೆ ಇಡಬೇಕಂತ." ಇದು ತಮ್ಮ ಈರೇಶನ ದನಿ.

"ನಿನ್ನಿ ಆ ಹೆಸರ ಅವರ ಹೇಳಿದ್ದಲ್ಲೇನ್ರಿ? ಕೂಸಿನ ತೊಟ್ಲಕ್ಕ ಹಾಕೂಮುಂದ ಸೈತ ಯಾರೂ ಇಷ್ಟ ಹೆಸರ ಹುಡುಕಂಗಿಲ್ಲ ಬಿಡ್ರಿ."

ಸಿದ್ಧಾರೂಢನಿಗೆ ನಗು ಬಂತು. ಸಪ್ಪಳವಾಗದಂತೆ ನಕ್ಕ.

ಮೊರಬದ ಆ ಮನೆ ಎರಡು ಪಾಲಾಗಿ ಮೂರು ವರ್ಷವಾಗಿತ್ತು. ಪಡಸಾಲೆಯ ನಟ್ಟನಡುವೆ ಎದ್ದ ಗೋಡೆ ಒಂದೇ ಇಟ್ಟಿಗೆಯ ದಪ್ಪದ್ದು. ಮೇಲೆ ತೊಲೆಗಳ ಸಂದಿಯನ್ನು ಗೌಂಡಿ ಹಾಗೇ ಬಿಟ್ಟುಹೋಗಿದ್ದ. ಮುಂಬಾಗಿಲು ತಮ್ಮನಿಗೆ ಬಂದಿದ್ದರಿಂದ ಸಿದ್ಧಾರೂಢ ದನದ ಕೊಟ್ಟಿಗೆಯಿದ್ದ ಹಿಂದಿನ ಸಂದಿಯಲ್ಲಿ ಬಾಗಿಲು ಇಡಿಸಿಕೊಂಡಿದ್ದ. ಅಂದಿನಿಂದ ಅಣ್ಣತಮ್ಮಂದಿರಲ್ಲಿ ಮಾತಿರಲಿಲ್ಲ. ಆದರೆ ದಿನವೂ ಬರೆದುಕೊಳ್ಳುತ್ತಿದ್ದರು. ಬರೆಯದೆ ಬೇರೆ ದಾರಿ ಇರಲಿಲ್ಲ.

ಹಲವು ದೇಶಗಳ ಜನ ಸೇರಿ ನಡೆಸುತ್ತಿದ್ದ ದೊಡ್ಡದೊಂದು ಕಂಪೈಲರ್ ಯೋಜನೆ ಅದು. ಮನುಷ್ಯರು ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ತಿಳಿಯುವ ಆಜ್ಞೆಗಳನ್ನಾಗಿ ಮಾಡಿಕೊಡುವ ತಂತ್ರಾಂಶ. ಅದರ ಒಳಗೆಲ್ಲ ಸಿ ಪ್ಲಸ್ ಪ್ಲಸ್ ಭಾಷೆ. ಪೈಥಾನ್ ಮಾತ್ರ ಬಲ್ಲವರೂ ಅದನ್ನು ಬಳಸುವಂತೆ ನಡುವೆ ನಿಂತು ಎರಡೂ ಕಡೆಯ ಕೊಡುಕೊಳ್ಳುವಿಕೆ ನೋಡಿಕೊಳ್ಳುವ ಭಾಗಕ್ಕೆ ಬೈಂಡಿಂಗ್ಸ್ ಎನ್ನುತ್ತಿದ್ದರು. ಕಂಪೈಲರಿನ ಹೊಸ ಆವೃತ್ತಿ ಬಂದಾಗಲೆಲ್ಲ ಒಳಗಿನ ಸಾಮಾನು ಅತ್ತಿತ್ತ ಆಗುತ್ತಿತ್ತು, ಬೈಂಡಿಂಗ್ಸನ್ನು ಮತ್ತೆ ಹೊಂದಿಸಬೇಕಾಗುತ್ತಿತ್ತು. ಆ ಕೆಲಸ ಬಲ್ಲವರು ಅಲ್ಲಿ ಇಬ್ಬರೇ ಉಳಿದಿದ್ದರು. ತಾನು ಬರೆದದ್ದನ್ನು ತಾನೇ ಒಪ್ಪಿ ಸೇರಿಸುವಂತಿಲ್ಲ, ಇನ್ನೊಬ್ಬರು ಓದಿ ಒಪ್ಪಬೇಕು ಎಂಬುದು ಯೋಜನೆಯ ನಿಯಮ. ಈರೇಶನಿಗೆ ಆ ಇನ್ನೊಬ್ಬರು ಸಿದ್ಧಾರೂಢ, ಸಿದ್ಧಾರೂಢನಿಗೆ ಈರೇಶ. ಅವರಿಬ್ಬರ ನಡುವೆ ಇರುವುದು ಒಂದು ಇಟ್ಟಿಗೆ ಎಂದು ದೂರದ ಯಾರಿಗೂ ಗೊತ್ತಿರಲಿಲ್ಲ. ಬಿಡುಗಡೆಯ ಉಸ್ತುವಾರಿಯಾಗಿದ್ದ ಪೋಲೆಂಡಿನ ಹೆಂಗಸು, ಇವರಿಬ್ಬರ ಸೌಜನ್ಯ ನೋಡಿ ಉಳಿದವರು ಕಲಿಯಬೇಕು ಎಂದು ಒಮ್ಮೆ ಎಲ್ಲರ ಎದುರು ಬರೆದಿದ್ದಳು.

ಸಿದ್ಧಾರೂಢನಿಗೆ ಇದು ಹೊಟ್ಟೆಪಾಡಲ್ಲ. ಅವನು ನವಲಗುಂದದ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ. ಈರೇಶನಿಗೆ ಇದೇ ಅನ್ನ. ಈ ಬೈಂಡಿಂಗ್ಸ್ ನೋಡಿಕೊಳ್ಳುವವನೆಂದೇ ಒಂದು ಕಂಪನಿ ಅವನನ್ನು ವರ್ಷವರ್ಷದ ಕರಾರಿನ ಮೇಲೆ ಇಟ್ಟುಕೊಂಡಿತ್ತು. ಹೊಸ ಆವೃತ್ತಿಗೆ ಹೊಂದಿಸಿ ಅವನು ಬರೆದದ್ದು ಈ ಸಲ ಸೇರಿದರೆ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಬೈಂಡಿಂಗ್ಸನ್ನೇ ಕೈಬಿಡುತ್ತಾರೆ, ಇವನನ್ನೂ ಬಿಡುತ್ತಾರೆ. ಶೈಲಾ ಇದನ್ನು ಅತ್ತೆ ರೇವವ್ವನಿಗೆ ಹೇಳಿದ್ದಳು, ರೇವವ್ವ ಸಿದ್ಧಾರೂಢನಿಗೆ ಹೇಳಿದ್ದಳು. ಆಕೆ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಒಬ್ಬೊಬ್ಬ ಮಗನ ಮನೆಯಲ್ಲಿ ಇರುತ್ತಿದ್ದಳು.

"ಸಣ್ಣಾಂವದು ಲಗೂನ ಮಾಡಿ ಮುಗಸೋ ಯಪ್ಪಾ," ಎಂದಿದ್ದಳು.

"ತಪ್ಪ ಇರಲಾರದಂಗ ಮಾಡಿದ್ರ ಇವತ್ತ ಮುಗಸ್ತೀನಿ."

ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಸಿದ್ಧಾರೂಢನ ಕಣ್ಣಿನಿಂದ ತಪ್ಪು ಜಾರಿಹೋಗುವುದಿಲ್ಲ ಎಂದು ಆ ಯೋಜನೆಯಲ್ಲಿ ಹೆಸರಿತ್ತು. ಅವನು ಹಗಲೆಲ್ಲ ಹುಬ್ಬಳ್ಳಿಯ ಬೀಜದ ಅಂಗಡಿಯಲ್ಲಿ ಚೀಲ ಹೊಲಿದು, ಸಂಜೆಯ ತರಗತಿಗಳಲ್ಲಿ ಕೂತು ಕಲಿತವನು. ಹಾಗೆ ಕಲಿತವರಿಗೆ ಇರುವ ಅಂಜಿಕೆ ಅವನಿಗೂ ಇತ್ತು. ಎಲ್ಲೋ ಏನೋ ತನಗೆ ತಿಳಿಯದೆ ಉಳಿದಿದೆ ಎಂದು ಪ್ರತಿ ಸಾಲನ್ನೂ ಮತ್ತೆ ಮತ್ತೆ ನೋಡುತ್ತಿದ್ದ. ಆ ದಿನಗಳಲ್ಲಿ ರವಿವಾರ ಊರಿಗೆ ಬಂದಾಗ ಕಲಿತಷ್ಟನ್ನೂ ತಮ್ಮನಿಗೆ ಹೇಳಿಕೊಡುತ್ತಿದ್ದ. ಅಪ್ಪ ತೀರಿಕೊಂಡ ಮೇಲೆ ಹಿರಿಯರು ಪಾಲು ಮಾಡಲು ಕೂತಾಗ ಆ ನೆನಪಿನಲ್ಲೇ ಒಂದು ಮಾತು ಆಡಿದ್ದ. ಅರ್ಧ ಚೇಷ್ಟೆ, ಅರ್ಧ ನಿಜ.

"ಹೊಲಾ ಹಂಚಿದ್ರಿ, ಮನಿ ಹಂಚಿದ್ರಿ. ಇವನ ತಲ್ಯಾಗ ಇರೂದು ನಂದ ಐತ್ರಿ. ಅದನ್ನೂ ವಾಟ್ನಿ ಮಾಡ್ರಿ."

ಈರೇಶ ತಲೆ ಎತ್ತಿ, ತಡವರಿಸದೆ, "ಅಣ್ಣಾ, ನೀ ಕಲಿಸಿದ್ದನ್ನ ಮರತ ಮ್ಯಾಲನ ನನಗ ನೌಕರಿ ಸಿಕ್ಕಿದ್ದು," ಎಂದಿದ್ದ.

ಹಿರಿಯರು ನಕ್ಕರು. ಅವರಲ್ಲೊಬ್ಬ ಮುದುಕ ಕೆಮ್ಮು ಬರುವವರೆಗೆ ನಕ್ಕ. ಆ ಕೆಮ್ಮು ಸಿದ್ಧಾರೂಢನಿಗೆ ಈಗಲೂ ಕಾಲೇಜಿನಲ್ಲಿ ಪಾಠದ ನಡುವೆ ಕೇಳಿಸುವುದಿತ್ತು.

ಅದಕ್ಕಾಗಿಯೇ ಈ ಹೆಸರು ಬದಲಿಸುವ ಆಟ. ಒಂದು ದಿನ ಪ್ರೋಗ್ರಾಮಿನೊಳಗಿನ ಯಾವುದೋ ಹೆಸರು, ಮರುದಿನ ಟಿಪ್ಪಣಿ, ಅದರ ಮರುದಿನ ಇನ್ನೊಂದು ಪರೀಕ್ಷೆ ಬರೆಯಿರಿ ಎಂಬ ಕೋರಿಕೆ. ಕೇಳಿದ್ದೆಲ್ಲ ನ್ಯಾಯವಾದದ್ದೇ, ಯಾರೂ ಬೆರಳು ತೋರಿಸುವಂತಿರಲಿಲ್ಲ. ಈರೇಶ ಒಮ್ಮೆಯೂ ಎದುರಾಡದೆ ತಿದ್ದಿ ಕಳಿಸುತ್ತಿದ್ದ. ಕೊನೆಗೆ ಉಸ್ತುವಾರಿಯ ಹೆಂಗಸು, ಇನ್ನೇನಾದರೂ ಉಳಿದಿದೆಯೇ ಎಂದು ನೇರವಾಗಿ ಸಿದ್ಧಾರೂಢನನ್ನೇ ಕೇಳಿದಳು. ಇನ್ನು ಎಳೆದರೆ ಅದು ಎಳೆದಂತೆ ಕಾಣುತ್ತದೆ ಎಂದು ಅವನಿಗೆ ತಿಳಿಯಿತು.

ಅಂದು ಮಧ್ಯಾಹ್ನ ರೇವವ್ವ ಅವನ ಖೋಲಿಯ ಹೊಸ್ತಿಲ ಬಳಿ ಕೂತು ಬಳ್ಳೊಳ್ಳಿ ಸುಲಿಯುತ್ತಿದ್ದಳು. ಸಿದ್ಧಾರೂಢ ತಮ್ಮ ಬರೆದದ್ದನ್ನು ಕೊನೆಯ ಸಲ ಓಡಿಸಿ ನೋಡಿದ. ಎಲ್ಲ ಪರೀಕ್ಷೆಗಳೂ ಪಾಸಾದವು. ರೂಢಿಯಂತೆ ಮತ್ತೊಮ್ಮೆ, ಯಂತ್ರದ ಮೆಮೊರಿಯಲ್ಲಿ ಯಾರು ಎಷ್ಟು ಜಾಗ ಹಿಡಿದರು, ಯಾರು ಬಿಟ್ಟರು ಎಂದು ಕಾಯುವ ತಪಾಸಣೆಯ ಕೆಳಗೆ ಓಡಿಸಿದ. ಪರದೆಯ ಮೇಲೆ ಕೆಂಪು ಸಾಲು ಬಂತು.

"ಅಗದೀ ಸಿಕ್ಕಿಬಿದ್ದಿ ನೋಡ ಮಗನ," ಎಂದ, ತನಗರಿವಿಲ್ಲದೆ.

"ಯಾರೋ?"

"ಯಾರಿಲ್ಲ ಬಿಡು. ಈರ್ಯಾ ಒಂದ ತಪ್ಪ ಮಾಡ್ಯಾನ."

"ದೊಡ್ಡದೇನು?"

ಹೇಳದಿದ್ದರೂ ನಡೆಯುತ್ತಿತ್ತು. ಆದರೆ ಹುಡುಕಿ ತೆಗೆದ ಖುಷಿ ಅವನ ಬಾಯಲ್ಲಿತ್ತು. "ಹೆಂಗ ಅಂದ್ರ, ಒಂದ ಹೊಲ ಐತಿ ಅಂತ ತಿಳಿ. ಇಬ್ರೂ ಅದು ನಂದ ಅಂತ ತಿಳ್ಕೊಂಡಾರ. ಒಬ್ಬಾಂವ ಮಾರಿ ಹ್ವಾದ. ಇನ್ನೊಬ್ಬಾಂವ ಬಂದು ಅದನ್ನ ಮತ್ತ ಮಾರಿದ."

"ಅಯ್ಯ ಶಿವನ! ಕೊಂಡಾಂವ ಸುಮ್ಕ ಬಿಡತಾನೇನು?"

"ಬಿಡಂಗಿಲ್ಲ. ಸಣ್ಣ ಕೆಲಸ ಇದ್ರ ಗೊತ್ತಾಗಂಗಿಲ್ಲ. ದೊಡ್ಡ ಕೆಲಸ ಹಚ್ಚಿದಾಗ ನಡಬರಕ ಎಲ್ಲಾ ಬಿದ್ದು ಹೊಕ್ಕೇತಿ."

ರೇವವ್ವ ಸುಲಿದ ಎಸಳುಗಳನ್ನು ಮೊರದ ಒಂದು ಮೂಲೆಗೆ ಸರಿಸಿದಳು. "ಮತ್ತ ಅಂವಗ ಹೇಳು. ಬಾಯಲೇ ಆಗದಿದ್ರ ಅದರಾಗ ಬರದು ಹೇಳು."

"ಹೇಳತೀನಿ."

"ಹೇಳಲಾರದ ಬಿಟ್ಟಿ ಮತ್ತ."

"ಹೇಳತೀನಿ ಅಂದ್ನೆಲ್ಲ ಯವ್ವಾ."

ಒಂದೇ ಒಂದು ಸಾಲು ಸೇರಿಸಿದರೆ ಸರಿಹೋಗುತ್ತಿತ್ತು. ಹಿಡಿದ ಜಾಗವನ್ನು ಕಂಪೈಲರಿಗೆ ಒಪ್ಪಿಸಿಕೊಟ್ಟ ಮೇಲೆ ಅದು ತನ್ನದಲ್ಲ ಎಂದು ಪೈಥಾನ್ ಹಕ್ಕು ಬಿಟ್ಟುಕೊಡುವ ಸಾಲು. ಸಿದ್ಧಾರೂಢ ಅದನ್ನು ಟೈಪು ಮಾಡಿದ, ಕಳಿಸಲಿಲ್ಲ. ಸಂಜೆ ಗೋಡೆಯ ಆಚೆ ಈರೇಶ ಯಾವುದೋ ಹಾಡನ್ನು ಶಿಳ್ಳೆಯಲ್ಲಿ ನುಡಿಸುತ್ತಿದ್ದ. ನಾಳೆ ಹೇಳಿದರಾಯಿತು ಅನ್ನಿಸಿತು. ಮರುದಿನ ಮುಂಜಾನೆ ಅವನು ಆ ಸಾಲನ್ನು ಅಳಿಸಿ, "ಬಹಳ ಅಚ್ಚುಕಟ್ಟಾದ ಕೆಲಸ. ನನ್ನ ಒಪ್ಪಿಗೆಯಿದೆ," ಎಂದು ಬರೆದು ಹಸಿರು ಗುಂಡಿ ಒತ್ತಿದ. ತಡೆದಿದ್ದರೆ ಅದು ತನ್ನ ತಪ್ಪಾಗುತ್ತಿತ್ತು. ಇನ್ನು ಆಗುವುದೆಲ್ಲ ತಮ್ಮನದೇ. ಒಂದು ತಪ್ಪನ್ನು ತಿಳಿದೂ ಸಿದ್ಧಾರೂಢ ಬಿಟ್ಟಿದ್ದು ಇದೇ ಮೊದಲು.

ಆಚೆ ಶೈಲಾ ಕೂಗಿದ್ದು ಕೇಳಿಸಿತು. ಆಮೇಲೆ ಈರೇಶ, "ನೋಡಿದಿಲ್ಲೋ, ಅಚ್ಚುಕಟ್ಟ ಅಂದಾನ ಅಣ್ಣ!" ಎಂದ. ಗೋಡೆ ಎದ್ದ ಮೇಲೆ ಆ ಕಡೆಯಿಂದ 'ಅಣ್ಣ' ಎಂಬ ಮಾತು ಸಿದ್ಧಾರೂಢ ಕೇಳಿರಲಿಲ್ಲ.

ಮಧ್ಯಾಹ್ನ ಶೈಲಾ ಗೋಧಿ ಹುಗ್ಗಿ ಮಾಡಿ ರೇವವ್ವನ ಕೈಲಿ ಕಳಿಸಿದಳು. ಮೇಲೆ ತುಪ್ಪ, ಕೊಬ್ಬರಿ. ಸಿದ್ಧಾರೂಢನ ಹೆಂಡತಿ ಶಾಂಭವಿ, "ಕೊಟ್ಟ ಕಳಿಸ್ಯಾರ, ತಿನ್ನದಿದ್ರ ಛಲೋ ಕಾಣಂಗಿಲ್ರಿ," ಎಂದು ಬಡಿಸಿದಳು. ಅವನು ತಿಂದ. ಚೆನ್ನಾಗಿತ್ತು. ಇನ್ನಷ್ಟು ಹಾಕಿಸಿಕೊಂಡ. ರೇವವ್ವ ಅವನ ಬೆನ್ನು ಸವರಿ, "ಹಿಂಗ ಇರ್ರಿ ಯಪ್ಪಾ," ಎಂದಳು. ಹೇಳಿದೆಯಾ ಎಂದು ಕೇಳಲಿಲ್ಲ. ಹೇಳಿದ್ದಕ್ಕೇ ಹುಗ್ಗಿ ಎಂದು ತಿಳಿದಿರಬೇಕು.

ಹೊಸ ಆವೃತ್ತಿ ಬಿಡುಗಡೆಯಾಯಿತು. ಸಣ್ಣ ಸಣ್ಣ ಕೆಲಸಕ್ಕೆ ಬಳಸಿದವರು ಮೆಚ್ಚಿ ಬರೆದರು. ಆಮೇಲೆ ದೂರುಗಳು ಶುರುವಾದವು. ಇಡೀ ದಿನ ಓಡಿದ ಕೆಲಸ ಸುದ್ದಿಯಿಲ್ಲದೆ ಸತ್ತುಬೀಳುತ್ತಿದೆ ಎಂದು ಒಬ್ಬ ಬರೆದ. ಮತ್ತೊಬ್ಬ, ಮಗದೊಬ್ಬ. ಈರೇಶನ ಕಂಪನಿಯದೇ ಒಂದು ದೊಡ್ಡ ಕೆಲಸ ಗಿರಾಕಿಗಳ ಎದುರಿಗೇ ನಿಂತುಹೋಯಿತು. ಇದನ್ನು ಬರೆದವರು ಯಾರು, ಇವರಿಗೆ ಮೊದಲ ಪಾಠವೂ ಬರುವುದಿಲ್ಲವೇ ಎಂದು ಹೆಸರು ಹಾಕದವನೊಬ್ಬ ಕೇಳಿದ. ಅದಕ್ಕೆ ಬಹಳ ಜನ ಹೆಬ್ಬೆರಳು ಎತ್ತಿದರು. ಸಿದ್ಧಾರೂಢ ಪ್ರತಿಯೊಂದನ್ನೂ ಓದಿದ. ಊಟ ಮಾಡುವಾಗಲೂ ಫೋನು ತಟ್ಟೆಯ ಬಾಜು ಇರುತ್ತಿತ್ತು.

ಗೋಡೆಯ ಆಚೆ ಈರೇಶ ಫೋನಿನಲ್ಲಿ "ಯೆಸ್ ಸರ್, ಯೆಸ್ ಸರ್," ಎನ್ನುತ್ತಿದ್ದುದು ಒಂದು ಸಂಜೆ ಬಹಳ ಹೊತ್ತು ಕೇಳಿಸಿತು.

"ಏನಂದ್ರು?" ಶೈಲಾ ಕೇಳಿದಳು.

"ಈ ತಿಂಗಳ ಕಡೀತನಕ ಅಷ್ಟ."

"ಆಮ್ಯಾಲ?"

ಈರೇಶ ಮುಂಬಾಗಿಲು ತೆಗೆದು ಹೊರಗೆ ಹೋದ ಸಪ್ಪಳವಾಯಿತು.

ಮರುದಿನ ಈರೇಶ ಎಲ್ಲರೂ ಓದುವ ಕಡೆ ಬರೆದ. "ತಪ್ಪು ನನ್ನದು. ಒಪ್ಪಿಗೆ ಕೊಡುವ ಹಕ್ಕನ್ನು ದಯವಿಟ್ಟು ನನ್ನಿಂದ ಹಿಂದಕ್ಕೆ ಪಡೆಯಿರಿ. ಪರಿಶೀಲಿಸಿದವರನ್ನು ದೂರಬೇಡಿ. ಅವರು ನನ್ನ ಪ್ರತಿ ಸಾಲನ್ನೂ ತಿದ್ದಿಸಿದ್ದಾರೆ. ಅವರ ಕಣ್ಣಿಗೇ ಬೀಳದ ತಪ್ಪು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ನನಗೆ ಗೊತ್ತಿರುವುದನ್ನೆಲ್ಲ ನಾನು ಅವರಿಂದಲೇ ಕಲಿತದ್ದು."

ಕೊನೆಯ ಸಾಲನ್ನು ಸಿದ್ಧಾರೂಢ ಎಷ್ಟೋ ಸಲ ಓದಿದ. ಹಿರಿಯರ ಎದುರು ಕೇಳಬೇಕೆಂದಿದ್ದ ಮಾತು ಅದೇ. ಇಂಗ್ಲಿಷಿನಲ್ಲಿ ಬಂದಿತ್ತು, ಅಷ್ಟೇ. ಓದಿದಷ್ಟೂ ಅದು ಸಪ್ಪಗಾಗುತ್ತ ಹೋಯಿತು. ಕಾಲೇಜಿಗೆ ರಜೆ ಹಾಕಿ ಒಂದು ಸಾಲಿನ ಆ ದುರಸ್ತಿಯನ್ನು ಬರೆದು ಕಳಿಸಿದ. ಆದರೆ ಅದನ್ನು ಅವನೇ ಒಪ್ಪುವಂತಿರಲಿಲ್ಲ. ಈ ಭಾಗ ತಿಳಿದವರು ಬೇರೆ ಯಾರೂ ಇಲ್ಲದ್ದರಿಂದ, ಇದೊಂದನ್ನು ಈರೇಶನೇ ನೋಡಿ ಒಪ್ಪಲಿ, ಆಮೇಲೆ ಅವರ ಹಕ್ಕು ತೆಗೆಯೋಣ ಎಂದು ಉಸ್ತುವಾರಿಯ ಹೆಂಗಸು ತೀರ್ಮಾನಿಸಿದಳು.

ಅಷ್ಟರಲ್ಲಿ ಅಮಾವಾಸ್ಯೆ ಕಳೆದು ರೇವವ್ವ ಸಣ್ಣ ಮಗನ ಮನೆಗೆ ಹೋಗಿದ್ದಳು. ಅವ್ವ ಏನಾದರೂ ಅಂದಾಳೇ ಎಂದು ಸಿದ್ಧಾರೂಢನಿಗೆ ಒಂದು ಗಳಿಗೆ ಅನ್ನಿಸಿತ್ತು. ಆಕೆಗೆ ಇದೆಲ್ಲ ಎಲ್ಲಿ ನೆನಪಿರುತ್ತದೆ ಎಂದು ಸಮಾಧಾನ ಮಾಡಿಕೊಂಡಿದ್ದ.

ಮಧ್ಯಾಹ್ನ ದುರಸ್ತಿಗೆ ಒಪ್ಪಿಗೆ ಬರುವುದನ್ನು ಕಾಯುತ್ತ ಅವನು ಪರದೆಯ ಎದುರು ಕೂತಿದ್ದ. ಆಚೆ ತಾಟಿನ ಸಪ್ಪಳವಾಯಿತು.

"ಉಣ್ಣೋ ಈರಾ. ಎಷ್ಟೊತ್ತಂತ ಅದನ್ನ ನೋಡಕೋತ ಕುಂದರ್ತಿ?" ರೇವವ್ವನ ದನಿ.

"ಅಣ್ಣ ತಿದ್ದಿ ಕಳಿಸ್ಯಾನ ಯವ್ವಾ. ನೋಡಿ ಹೂಂ ಅನ್ನಬೇಕು. ಒಂದ ಸಾಲು. ಒಂದ ಸಾಲು ನನಗ ತಿಳೀಲಿಲ್ಲ ನೋಡು."

"ಅದನಲಾ? ಒಂದ ಹೊಲಾ ಇಬ್ರ ಮಾರಿದ್ದು?"

ಆಚೆ ತಾಟು ಪಕ್ಕಕ್ಕೆ ಸರಿದ ಸಪ್ಪಳವಾಯಿತು.

"ಹಂಗಂತ ಯಾರ ಹೇಳಿದ್ರು ನಿನಗ?" ಈರೇಶ ನಿಧಾನಕ್ಕೆ ಕೇಳಿದ.

"ಸಿದ್ಧಾ ಹೇಳಿದ್ದ. ಹೇಳತೀನಿ ಅಂವಗ ಅಂದಿದ್ದ. ಹೇಳಿದ್ರೂ ಮತ್ತ ಯಾಕ ತಪ್ಪಿತೋ?"

"ಯಾವಾಗ ಯವ್ವಾ?"

"ನಾ ಬಳ್ಳೊಳ್ಳಿ ಸುಲ್ಯಾಕತ್ತಿದ್ದೆ. ನೀವು ಹುಗ್ಗಿ ಮಾಡಿದ್ರೆಲ್ಲ, ಅದರ ಹಿಂದಿನ ದಿನಾ."



"ಹಿಂದಿನ ದಿನಾ?" ಶೈಲಾ ಕೇಳಿದಳು. "ಅತ್ತೀ, ಖರೇ ನೆನಪೈತಿ?"

"ಖರೇ ಅಲ್ಲದ ಏನು? ಯಾಕ ಹಿಂಗ ನೋಡತೀರಿ ಇಬ್ರೂ? ನಿಂದ್ರು, ಅಂವನ್ನ ಕೇಳತೀನಿ." ರೇವವ್ವ ದನಿ ಎತ್ತರಿಸಿ ಗೋಡೆಯ ಕಡೆ ಕೂಗಿದಳು. "ಸಿದ್ಧಾ! ಏ ಸಿದ್ಧಾ! ನೀ ಇವಗ ಹೇಳಿದ್ದಿ ಹೌದಿಲ್ಲೋ?"

ಅಡುಗೆಮನೆಯಿಂದ ಶಾಂಭವಿ ಬಾಗಿಲಿಗೆ ಬಂದು ಗಂಡನನ್ನು ನೋಡಿದಳು.

"ಇದ್ದೀಯಿಲ್ಲೋ? ಓ ಅನ್ನಲ್ಲ. ಹೌದು ಅನ್ನೋ ಯಪ್ಪಾ, ಇವರ ನನ್ನ ಸುಳ್ಳಿ ಮಾಡಾಕತ್ತಾರ!"

"ಬಿಡು ಯವ್ವಾ," ಈರೇಶ ಹೇಳಿದ. "ನಾ ಉಣ್ಣತೀನಿ. ಕೂಡು ನೀ."

"ಯಾಕ ಕೂಡ್ಲಿ? ಹೋಗಿ ಕೇಳಿ ಬರ್ತೀನಿ."

ಸಿದ್ಧಾರೂಢ ಆನ್‌ಲೈನ್ ಪಾಠಕ್ಕೆಂದು ತಂದಿದ್ದ ಹೆಡ್‌ಫೋನನ್ನು ಎತ್ತಿ ಕಿವಿಗೆ ಹಾಕಿಕೊಂಡ. ಅದರಲ್ಲಿ ಏನೂ ಕೇಳಿಸುತ್ತಿರಲಿಲ್ಲ. ಪರದೆಯ ಮೇಲೆ ಅವನ ದುರಸ್ತಿಯ ಕೆಳಗೆ ಹಸಿರು ಗುರುತು ಮೂಡಿತು. "ಎರಡು ಸಲ ಓಡಿಸಿ ನೋಡಿದ್ದೇನೆ. ಸರಿಯಿದೆ," ಎಂದು ಈರೇಶ ಬರೆದಿದ್ದ. ಬೇರೆ ಏನೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಅದರ ಕೆಳಗೆ ಒಂದೊಂದಾಗಿ ಚಪ್ಪಾಳೆಯ ಕೈಗಳು ಕಾಣಿಸತೊಡಗಿದವು. ಎಂಥ ಎಚ್ಚರದ ಕಣ್ಣು ಎಂದು ಯಾರೋ ಸಿದ್ಧಾರೂಢನ ಹೆಸರು ಹಾಕಿ ಬರೆದರು.

ಅವನು ಹೊರಳಿ ನೋಡಿದಾಗ, ಸಂದಿಯನ್ನು ಸುತ್ತಿ ಬಂದ ರೇವವ್ವ ಬಿಸಿಲಿನಲ್ಲಿ ಅವನ ಬಾಗಿಲಿನ ಎದುರು ನಿಂತಿದ್ದಳು. ಒಂದು ಕೈ ಚೌಕಟ್ಟು ಹಿಡಿದಿತ್ತು. ಆಕೆಯ ತುಟಿಗಳು ಅಲುಗುತ್ತಿದ್ದವು.