ಪಾಲಿಗೆ ಬಂದ ಅವ್ವ

ಪಾಲು ಅಂದರೆ ಒಂದು ಕಾಗದ ಅಂದುಕೊಂಡಿದ್ದ ಶಾಂತಮೂರ್ತಿ. ಯಳಂದೂರಿನ ಖಾಸಗಿ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳಿಕೊಡುವ ಮೇಷ್ಟ್ರು, ಮೂವತ್ತು ದಾಟಿದವನು, ಬುದ್ಧಿವಂತ ಅಂತಲೇ ಹೆಸರು. ಆದರೆ ಹುಟ್ಟಿದ ಊರಿನ ವಿಚಾರದಲ್ಲಿ ಶುದ್ಧ ದಡ್ಡ. ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗುವುದು, ಅಣ್ಣನದೊಂದು ಸಹಿ, ತನ್ನದೊಂದು, ಅಪ್ಪನದೊಂದು. ಸಂಜೆಗೆ ಎಲ್ಲರೂ ಮಧುವನಹಳ್ಳಿಯ ಅದೇ ಮನೆಗೆ ಬಂದು ಅದೇ ಒಲೆಯ ಮುದ್ದೆ ಉಣ್ಣುವುದು. ಇಷ್ಟೇ ಅಂದುಕೊಂಡಿದ್ದ, ಪುಣ್ಯಾತ್ಮ.

ಪಾಲು ಅವನಿಗೆ ಬೇಕಾಗಿದ್ದು ವಿಮಾನ ಹಾರಿಸಲಿಕ್ಕೆ. ಊರವರೂ ಹೀಗೇ ನಕ್ಕಿದ್ದರು, ನೀವೂ ನಕ್ಕುಬಿಡಿ. ಅವನು ಹುಡುಗನಾಗಿದ್ದಾಗ ಚುನಾವಣೆಗೆಂದು ಹನೂರಿನ ಮೈದಾನಕ್ಕೆ ಹೆಲಿಕಾಪ್ಟರ್ ಬಂದಿತ್ತು. ಅದರ ದೂಳು ಕುಡಿದ ಹುಡುಗರೆಲ್ಲ ವಾರದಲ್ಲಿ ಮರೆತರು. ಇವನು ಮರೆಯಲಿಲ್ಲ. ಮೇಷ್ಟ್ರಾದ, ಮದುವೆಯಾದ, ಮಗಳು ಹುಟ್ಟಿದಳು, ಆಗಲೂ ಮರೆಯಲಿಲ್ಲ. ಪೈಲಟ್ ಪರೀಕ್ಷೆಯ ಪುಸ್ತಕಗಳನ್ನು ತರಿಸಿಕೊಂಡು ಬಸ್ಸಿನಲ್ಲಿ ಓದಿ ಓದಿ ಎಲ್ಲ ಪೇಪರ್ ಪಾಸು ಮಾಡಿದ. ಡಾಕ್ಟರೂ ಕಣ್ಣು, ಕಿವಿ, ಗುಂಡಿಗೆ ನೋಡಿ ಸರಿ ಇದೆ ಅಂದರು. ಇನ್ನು ಉಳಿದದ್ದು ಹಾರುವುದೊಂದೇ. ಅದಕ್ಕೆ ಅರವತ್ತು ಲಕ್ಷ ಬೇಕು. ಬ್ಯಾಂಕು ಸಾಲ ಕೊಡುತ್ತದೆ, ಆದರೆ ಆಧಾರಕ್ಕೆ ಇಡುವ ಆಸ್ತಿ ಅವನ ಹೆಸರಲ್ಲೇ ಇರಬೇಕು.

ಅವನ ಹೆಂಡತಿ ಪುಷ್ಪ ಕೊಳ್ಳೇಗಾಲದ ಆಸ್ಪತ್ರೆಯೊಂದರಲ್ಲಿ ನರ್ಸು. ಅಲ್ಲೇ ಬಾಡಿಗೆ ಮನೆ. ಒಂದು ಸಂಜೆ ಅವರೆಕಾಯಿ ಸುಲಿಯುತ್ತಾ ಕೂತವಳು ಒಂದೊಂದೇ ಕೇಳಿದಳು.

"ಲೈಸನ್ಸ್ ಬಂದ್ ತಕ್ಷಣ ಕೆಲ್ಸ ಕೊಟ್ಬುಡ್ತಾರಾ?"

"ಇಲ್ಲ. ದೊಡ್ಡ ವಿಮಾನಕ್ಕೆ ಇನ್ನೊಂದು ಟ್ರೈನಿಂಗ್ ಆಗ್ಬೇಕು. ಅದ್ಕೆ ಬೇರೆ ದುಡ್ಡು."

"ಆಮೇಲಾದ್ರೂ ಕೊಡ್ತಾರಾ?"

"ಕೊಡ್ಬೋದು. ವರ್ಷಗಟ್ಲೆ ಕಾಯೋರೂ ಅವ್ರೆ."

"ಅಲ್ಲೀವರ್ಗೂ ಕಂತು ಯಾರ್ರೀ ಕಟ್ಟೋದು?"

ಶಾಂತಮೂರ್ತಿ ಸಿಪ್ಪೆ ಗುಡ್ಡೆ ಮಾಡುತ್ತಾ ಕೂತ. ಪುಷ್ಪ ಉಳಿದ ಕಾಯಿಯನ್ನೆಲ್ಲ ಸುಲಿದು ಮುಗಿಸಿದಳು. ಕೊನೆಗೆ ಅಂದಳು: "ಬ್ಯಾಡ ಅಂದ್ರೆ ನೀವು ಬದ್ಕಿರೋವರ್ಗೂ ಮೇಲ್ ನೋಡ್ಕಂಡೇ ಕೂತಿರ್ತೀರ. ಅದ್ನ ನೋಡ್ಕಂಡ್ ನನ್ ಕೈಲಿ ಬಾಳಕ್ಕಾಗಲ್ಲ. ಬಾಡಿಗೆ, ಮಗೀನ್ ಫೀಜು ನನ್ ಸಂಬ್ಳದಲ್ಲಿ ಎಂಗೋ ನಡೀತದೆ. ಓಗಿ, ಮಾವನ್ನ ಕೇಳಿ."

ಅಪ್ಪ ದೊಡ್ಡಮಾದಪ್ಪ, ಅವ್ವ ಚನ್ನಾಜಮ್ಮ ಇಬ್ಬರೂ ಅವನು ಊರಿಗೆ ಹೋದಾಗ ಹುಳದ ಮನೆಯಲ್ಲಿದ್ದರು. ರಸ್ತೆ ಪಕ್ಕದ ಜಮೀನಿನ ತುಂಬಾ ಹಿಪ್ಪುನೇರಳೆ, ಹಿತ್ತಲಲ್ಲಿ ರೇಷ್ಮೆ ಹುಳ ಸಾಕುವ ಮನೆ. ಮದುವೆಯಾದ ಲಾಗಾಯ್ತು ಗಂಡ ಸೊಪ್ಪು ತರುವುದು, ಹೆಂಡತಿ ಹುಳಕ್ಕೆ ಹಾಕುವುದು. ಅಲ್ಲಿ ಅವರ ನಡುವೆ ಮಾತೇ ಇರುತ್ತಿರಲಿಲ್ಲ. ಅವಳು ಕೈ ಚಾಚುವ ಹೊತ್ತಿಗೆ ಅವನ ಹೊರೆ ಪಕ್ಕದಲ್ಲಿ ಬಂದು ಕೂತಿರುತ್ತಿತ್ತು.

"ಕಾಗದಕ್ಕೆ ಮಾತ್ರ ಪಾಲು, ಅಪ್ಪ. ಮನೆ ಮೊದ್ಲಿನ್ ತರಾನೇ ಇರ್ತದೆ," ಅಂದ ಶಾಂತಮೂರ್ತಿ.

"ಕಾಗದಕ್ಕೆ ಮಾತ್ರನಾ? ಎಂತದ್ಲಾ ಅದು, ನಾ ಕಾಣ್ದಿರೋ ಪಾಲು!" ಅಂದ ದೊಡ್ಡಮಾದಪ್ಪ.

ಅಣ್ಣ ಬಸವೇಶ ಕುಂತೂರು ಫ್ಯಾಕ್ಟರಿಗೆ ಕಬ್ಬು ಹೊಡೆದು, ಟ್ರಾಕ್ಟರ್ ನಿಲ್ಲಿಸಿ ಬಂದವನು ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡ. ಅವನೇನು ಕೆಟ್ಟವನಲ್ಲ. ತಮ್ಮನ ಕಾಲೇಜು ಫೀಸು ಕಟ್ಟಿದ್ದು ಆ ಟ್ರಾಕ್ಟರಿನ ಬಾಡಿಗೆಯೇ. "ಕೊಟ್ಬುಡಪ್ಪ," ಅಂದ. "ಆದ್ರೆ ಊರೋರ್ ಮುಂದೆ ಸರ್ಯಾಗ್ ಆಗ್ಲಿ. ನಾಳಿಕ್ಕೆ ಇವ್ನ್ ಸಾಲ ನನ್ ಮಕ್ಳ ತಟ್ಟೆಗಂಟ ಬರ್ಬಾರ್ದು." ಅವನ ಮಾತಿನಲ್ಲೂ ತಪ್ಪಿರಲಿಲ್ಲ, ಏನು ಮಾಡುತ್ತೀರಿ.

ಸೋಮವಾರ ಜಗಲಿಯ ಮೇಲೆ ಕಂಬಳಿ ಹಾಸಿದರು. ಊರಿನ ಯಜಮಾನರು ಶಿವಮಲ್ಲಪ್ಪ, ಜೊತೆಗೆ ಇನ್ನಿಬ್ಬರು ಹಿರಿಯರು ಬಂದು ಕೂತರು. ರಸ್ತೆ ಪಕ್ಕದ ಜಮೀನು ಕಿರಿಯವನಿಗೆ, ಹಿಂದಿನ ಗದ್ದೆ, ಮನೆ, ಹುಳದ ಮನೆ ಹಿರಿಯವನಿಗೆ. ಹಂಡೆ ಇವನಿಗೆ, ಕೊಳಗ ಅವನಿಗೆ. ಜಗಳವಿಲ್ಲ, ಕೂಗಾಟವಿಲ್ಲ. ಶಾಂತಮೂರ್ತಿಗೆ ಒಳಗೊಳಗೇ ಖುಷಿ. ಆಮೇಲೆ ಶಿವಮಲ್ಲಪ್ಪ ಎಲೆಅಡಿಕೆ ಉಗಿದು ಬಂದು ಕೂತು, "ಸರಿ, ಇನ್ನ ಇರೀಕರು," ಅಂದರು. "ಅಪ್ಪ ಯಾರ್ ಕಡೆ, ಅವ್ವ ಯಾರ್ ಕಡೆ?"

ಶಾಂತಮೂರ್ತಿ ಕಂಬಳಿಯಿಂದ ಅರ್ಧ ಎದ್ದ. ಹುಡುಗನಾಗಿದ್ದಾಗಿನಿಂದ ಊರಿನ ಪಾಲುಗಳನ್ನು ನೋಡಿದ್ದ. ಇಬ್ಬರು ಗಂಡುಮಕ್ಕಳಿದ್ದರೆ ಒಬ್ಬನಿಗೆ ಅಪ್ಪ, ಇನ್ನೊಬ್ಬನಿಗೆ ಅವ್ವ; ಇಬ್ಬರನ್ನೂ ನಾನೊಬ್ಬನೇ ಸಾಕಿದೆ ಅಂತ ನಾಳೆ ಯಾರೂ ಅನ್ನಬಾರದು. ಕಂಡಿದ್ದನ್ನೇ ಮರೆತಿದ್ದ. ಕಾಗದ, ಬ್ಯಾಂಕು, ವಿಮಾನ ಅಂತ ಓಡಾಡುವ ಗಡಿಬಿಡಿಯಲ್ಲಿ ಅದು ತಮ್ಮ ಮನೆಗೂ ಬರುತ್ತದೆ ಅಂತ ಹೊಳೆದೇ ಇರಲಿಲ್ಲ.

"ಯಜಮಾನ್ರೇ, ಇದು ಬರೀ ಬ್ಯಾಂಕಿಗೋಸ್ಕರ ಮಾಡೋದು ಕಣ್ರಿ!"

"ಬ್ಯಾಂಕಿಗ್ ಒಂದು ಪಾಲು, ಊರಿಗ್ ಒಂದು ಪಾಲು, ಅಂಗೆಲ್ಲ ಆಗಕಿಲ್ಲ ಕಣಪ್ಪ."

ಅವನು ಅಪ್ಪನ ಮುಖ ನೋಡಿದ. ನೀನೊಂದು ಮಾತು ಹೇಳಪ್ಪ, ನೀನು ಹೇಳಿದರೆ ಯಾರೂ ಮೀರಲ್ಲ, ಅನ್ನುವಂತೆ ನೋಡಿದ. ದೊಡ್ಡಮಾದಪ್ಪ ಹಂಡೆಯನ್ನೇ ನೋಡುತ್ತಾ ಹೇಳಿದ: "ನಾನೇ ಎಷ್ಟ್ ಮನೇಲಿ ಕುಂತ್ಕಂಡು ಗಂಡ ಎಂಡ್ತೀನ ಇಂಗ್ ಬ್ಯಾರೆ ಮಾಡಿವ್ನಿ. ಅವ್ರೆಲ್ಲ ಅತ್ಕಂಡೇ ಒಪ್ಕಂಡ್ರು. ನನ್ ಮನೇಗ್ ಬಂದಾಗ ಬ್ಯಾರೆ ನ್ಯಾಯ ಏಳಕ್ಕಾಯ್ತದಾ? ಆಗ್ಲಿ, ಏಳಿ."

ಕಿರಿಯವನು ಊರು ಬಿಡುತ್ತಾನೆ, ಸೊಸೆ ಡ್ಯೂಟಿಗೆ ಹೋಗುತ್ತಾಳೆ, ಮಗು ಸಣ್ಣದು. ಚನ್ನಾಜಮ್ಮ ಕಿರಿಯವನ ಕಡೆ ಅಂತ ತೀರ್ಮಾನವಾಯಿತು. ಚನ್ನಾಜಮ್ಮನನ್ನು ಯಾರೂ ಕೇಳಲಿಲ್ಲ. ಬಾಗಿಲ ಹಿಂದೆ ನಿಂತಿದ್ದವಳು, "ಉಳ ಅಣ್ಣಾಗವೆ. ಇದೊಂದ್ ಬೆಳೆ ಚಂದ್ರಿಕೆಗೆ ಬುಟ್ಬುಟ್ ಬತ್ತೀನಿ," ಅಂದು ಒಳಗೆ ಹೋದಳು. ಹಣ್ಣಾದ ಹುಳ ಚಂದ್ರಿಕೆಯ ಬಿದಿರ ತಟ್ಟೆಯಲ್ಲಿ ಗೂಡು ಕಟ್ಟಿದವು. ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹೋಯಿತು. ಅದರ ಮಾರನೇ ದಿನ ಅವಳು ಒಂದು ಬ್ಯಾಗು ಹಿಡಿದು ಕೊಳ್ಳೇಗಾಲದ ಬಾಡಿಗೆ ಮನೆಗೆ ಬಂದಳು.

ಮಧುವನಹಳ್ಳಿ ಏನು ದೇಶಾಂತರವೇ? ಆಟೋ ಹತ್ತಿದರೆ ಎಲೆಅಡಿಕೆ ಮೆದ್ದು ಮುಗಿಯುವಷ್ಟರಲ್ಲಿ ಊರು. ಒಂದು ಸಲ ಹೋಗಿಯೂ ಬಂದಳು. ವಾಪಸು ಬಂದವಳ ಮುಖ ನೋಡಿ ಶಾಂತಮೂರ್ತಿ, "ಯಾಕವ್ವ, ಅತ್ತಿಗೆ ಏನಾರ ಅಂದ್ರಾ?" ಅಂತ ಕೇಳಿದ.

"ಅಯ್ಯೋ, ಇಲ್ಲ ಕಣಪ್ಪ. ಚೆನ್ನಾಗೇ ಮಾತಾಡ್ಸುದ್ಲು. ಕುರ್ಚಿ ತಂದ್ ಆಕುದ್ಲು." ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ನಾ ಸಾರ್ಸಿ ಗುಡ್ಸುದ್ ಮನೇಲಿ ನಂಗೆ ಕುರ್ಚಿ!"

ಮತ್ತೆ ಅವಳು ಹೋಗಲಿಲ್ಲ. ಮೊಮ್ಮಗಳಿಗೆ ಜಡೆ ಹಾಕುವಳು, ಪುಷ್ಪನ ಯೂನಿಫಾರಂ ಒಗೆಯುವಳು, ಮಧ್ಯಾಹ್ನ ತಟ್ಟೆಯ ಮುಂದೆ ಕೂತು, "ಅಲ್ಲಿ ಉಂಡ್ರೋ ಇಲ್ವೋ," ಅಂತ ತನಗೆ ತಾನೇ ಅಂದುಕೊಳ್ಳುವಳು. ರಜೆಯ ದಿನ ಶಾಂತಮೂರ್ತಿಗೆ ಅದು ಕೇಳಿಸುತ್ತಿತ್ತು. ಕಂತು ಎಷ್ಟು, ಕೆಲಸ ಸಿಗದಿದ್ದರೆ ಏನು, ಜಮೀನು ಹರಾಜಾದರೆ ಏನು, ಎಲ್ಲ ಅಪಾಯವನ್ನೂ ತೂಗಿ ನೋಡಿದ್ದ. ಇದೊಂದನ್ನು ತೂಗಿರಲಿಲ್ಲ. ಅಷ್ಟರಲ್ಲಿ ಪಾಲು ರಿಜಿಸ್ಟರಾಗಿ, ಬ್ಯಾಂಕಿನಿಂದ ಫೋನು ಬಂತು: ಸಾಲ ಮಂಜೂರಾಗಿದೆ, ಸೋಮವಾರ ಬಂದು ಸಹಿ ಹಾಕಿ. ಅವನು ಆಗಲೇ ಮನಸ್ಸು ಗಟ್ಟಿ ಮಾಡಿಕೊಂಡ, ಬೇಡ. ಹಾಳಾಗಿ ಹೋಗಲಿ ವಿಮಾನ.

ಭಾನುವಾರ ದೊಡ್ಡಮಾದಪ್ಪ ಬಂದ. ನೆಂಟರ ಮನೆಗೆ ಹೋಗುವಾಗ ಉಡುವ ಬಿಳಿ ಪಂಚೆ ಉಟ್ಟು, ಹೆಗಲಿಗೆ ಮಡಿಸಿದ ಟವೆಲು ಹಾಕಿ, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು ಹಿಡಿದು, ಚಪ್ಪಲಿ ಬಿಟ್ಟು ಹೊಸಿಲ ಹೊರಗೇ ನಿಂತಿದ್ದ. ಅಡುಗೆ ಮನೆಯಿಂದ ಬಂದ ಚನ್ನಾಜಮ್ಮ ತಲೆ ಮೇಲೆ ಸೆರಗು ಎಳೆದುಕೊಂಡು, "ಬನ್ನಿ, ಒಳೀಕ್ ಬನ್ನಿ," ಅಂದಳು. ಅವನು ಬಂದು ಗೋಡೆಗೆ ಒರಗಿ ಕೂತ. ಬಾಳೆಹಣ್ಣು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲೆ ಇಟ್ಟುಕೊಂಡ.

"ಅಪ್ಪ, ನಾನ್ ಬ್ಯಾಂಕಿಗ್ ಓಗಲ್ಲ," ಅಂದುಬಿಟ್ಟ ಶಾಂತಮೂರ್ತಿ. "ಸಾಕು ನಂಗೆ ಇದು. ಜಮೀನು ವಾಪಸ್ ಬರ್ಸಣ. ಅವ್ವನ್ನ ಇವತ್ತೇ ಕರ್ಕಂಡೋಗು."

ದೊಡ್ಡಮಾದಪ್ಪನಿಗೆ ಕೋಪ ಬಂದಿದ್ದರೆ ಚೆನ್ನಾಗಿತ್ತು. ಬರಲಿಲ್ಲ. "ಎಲ್ಲಿಗ್ಲಾ ಕರ್ಕಂಡೋಗನ?" ಅಂದ. "ನಿಮ್ಮಣ್ಣ ಉಳದ ಮನೆ ಗ್ವಾಡೆ ಕೆಡವ್ಸಿ ಟ್ರಾಕ್ಟರ್ ನಿಲ್ಸವ್ನೆ. ಅವಂದು, ಅವ್ನ್ ಇಷ್ಟ. ನಾಕ್ ಜನದ್ ಮುಂದೆ ಊಂ ಅಂದಿವ್ನಿ. ನಾಳಿಕ್ ಯಾವ್ ಮೊಕ ಒತ್ಕಂಡು ಆ ಜಗಲಿ ಮ್ಯಾಲೆ ಕೂರ್ಲಿ?"

"ಕೆಲ್ಸ ಸಿಗ್ದಿದ್ರೆ ಆ ಜಮೀನೂ ಓಯ್ತದೆ, ಅಪ್ಪ."

"ಓದ್ರೆ ಓಗ್ಲಿ ಬುಡು. ಈಗ ನೀನೂ ಓಗ್ದೆ ಇಲ್ಲೇ ಕುಂತ್ಕಂಡ್ರೆ, ನಾನೂ ಅವ್ಳೂ ಬ್ಯಾರೆ ಆಗಿದ್ದು ಯಾತಕ್ಲಾ, ಮೂರ್ತಿ? ಅದ್ನಾರ ಏಳು ನಂಗೆ."

ಬೇಡ ಅನ್ನುವ ಬಾಗಿಲೂ ಮುಚ್ಚಿಹೋಯಿತು ಅಂತ ಶಾಂತಮೂರ್ತಿಗೆ ಆಗ ಅರ್ಥವಾಯಿತು. ಪುಷ್ಪ ಅಡುಗೆ ಮನೆಯಲ್ಲಿ ಬಾಯಿಗೆ ಸೆರಗು ಅದುಮಿಕೊಂಡು ಅಳುತ್ತಿದ್ದಳು.

ಚನ್ನಾಜಮ್ಮ ಎಲೆ ಹಾಕಿದಳು. ಮುದ್ದೆ, ಅವರೆಕಾಯಿ ಸಾರು. ಇನ್ನೊಂದು ಮುದ್ದೆ ಇಡಲು ಹೋದಾಗ ದೊಡ್ಡಮಾದಪ್ಪ ಎಲೆಗೆ ಕೈ ಅಡ್ಡ ಹಿಡಿದು, "ಸಾಕು, ಸಾಕು," ಅಂದ, ನೆಂಟರು ಅನ್ನುವ ಹಾಗೆ. ಅಷ್ಟು ವರ್ಷ ಅವಳ ಕೈಯಲ್ಲಿ ಉಂಡವನು, ಒಂದು ದಿನವೂ ಸಾಕು ಅಂದವನಲ್ಲ. ಅವಳೇ ನೋಡಿ ನಿಲ್ಲಿಸುತ್ತಿದ್ದಳು. ಚನ್ನಾಜಮ್ಮ ಮುದ್ದೆಯನ್ನು ಪಾತ್ರೆಗೆ ವಾಪಸು ಹಾಕಿದಳು.

ಉಂಡು ಕೈ ತೊಳೆದು, ಮೊಮ್ಮಗಳ ತಲೆ ಸವರಿ ಅವನು ಎದ್ದ. ಹೊಲಕ್ಕೋ ಸಂತೆಗೋ ಹೊರಟರೆ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ನಡೆದುಬಿಡುವ ಗಂಡಸು ಅದು. ಹೆಂಡತಿಗೆ ಹೇಳಿ ಹೋಗುವುದು ಅಂತ ಅವನ ಜಾಯಮಾನದಲ್ಲೇ ಇರಲಿಲ್ಲ. ಅವತ್ತು ಹೊಸಿಲು ದಾಟಿದವನು ನಿಂತ, ತಿರುಗಿದ.

"ಬರ್ಲಾ, ಚನ್ನಾಜಿ?"

"ಊಂ. ಓಗ್ಬನ್ನಿ."

ಅವನು ಬೀದಿಯ ತಿರುವು ದಾಟುವವರೆಗೆ ಅವಳು ಬಾಗಿಲಲ್ಲೇ ನಿಂತಿದ್ದಳು. ಆಮೇಲೆ ಒಳಗೆ ಬಂದು, ಅವನು ಉಂಡ ಎಲೆ ತೆಗೆದಳು, ನೆಲ ಒರೆಸಿದಳು. ಒರೆಸುತ್ತಲೇ, ತಲೆ ಎತ್ತದೆ, ಮಗನನ್ನು ಕೇಳಿದಳು:

"ನಾಳೆ ಬ್ಯಾಂಕು ಎಷ್ಟೊತ್ಗಪ್ಪ ತಗ್ಯದು? ಬೇಗ್ನೆ ಎಬ್ಬುಸ್ತೀನಿ."